ಮೊದಲ ನಾಲ್ಕು ನಿಮಿಷ ಅಜ್ಜಿಯ ಕೈಯಲ್ಲಿ

ಕಾರ್ತೀಕದ ಹೊತ್ತಿಗೆ ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿ ಹೋಬಳಿಯ ಊರುಗಳ ಅಂಗಳದಲ್ಲಿ ಕಡ್ಲೇಕಾಯಿ ಗಿಡದ ಮೆದೆ ಬಿದ್ದಿರುತ್ತದೆ. ಸುತ್ತ ಹೆಂಗಸರು ಕೂತು ಕಾಯಿ ಬಿಡಿಸುತ್ತಿರುತ್ತಾರೆ. ಮಳೆ ಕೈಕೊಟ್ಟ ವರ್ಷ ಗಿಡಕ್ಕೆ ನಾಲ್ಕೇ ಕಾಯಿ. ಮಾತಿಗೆ ಮಾತ್ರ ಯಾವ ವರ್ಷವೂ ಬರವಿಲ್ಲ. ಅವರ ನಡುವೆ ಅಂಬೆಗಾಲಿಡುವ ಒಂದು ಕೂಸು. ಸೊಪ್ಪು, ಮಣ್ಣು, ಸಿಪ್ಪೆ, ಬೀಜ, ಕೈಗೆ ಸಿಕ್ಕಿದ್ದೆಲ್ಲ ಅದರ ಬಾಯಿಗೆ. ಅಜ್ಜಿ ಒಂದು ಕಣ್ಣನ್ನು ಕಾಯಿಯ ಮೇಲೆ, ಇನ್ನೊಂದನ್ನು ಕೂಸಿನ ಮೇಲೆ ಇಟ್ಟಿರುತ್ತಾಳೆ. "ಥೂ, ಉಗಿ" ಎಂದು ಆಗಾಗ ಬೆರಳು ಹಾಕಿ ಬಾಯಿ ಖಾಲಿ ಮಾಡಿಸುತ್ತಾಳೆ.

ಒಮ್ಮೆ ಕೂಸು ಕೆಮ್ಮುತ್ತದೆ. "ನೆತ್ತಿಗತ್ತಿತು" ಎಂದು ಒಬ್ಬರು ತಲೆ ತಟ್ಟುತ್ತಾರೆ. "ನೀರು ಕುಡ್ಸಮ್ಮಿ" ಎಂದು ಇನ್ನೊಬ್ಬರು ಚೆಂಬು ನೀಡುತ್ತಾರೆ. ಕೆಮ್ಮು ನಿಲ್ಲುತ್ತದೆ. ನಿಂತಿತಲ್ಲ ಎಂದು ಎಲ್ಲರೂ ಮತ್ತೆ ಕಾಯಿಗೆ ಕೈ ಹಾಕುವ ಗಳಿಗೆಯೇ ಅಪಾಯದ್ದು. ಕೂಸಿನ ಬಾಯಿ ತೆರೆದೇ ಇದೆ, ದನಿ ಇಲ್ಲ. ಅಳು ಇಲ್ಲ. ತುಟಿ ನೇರಳೆ ಬಣ್ಣಕ್ಕೆ ತಿರುಗುತ್ತಿದೆ.

ಆಮೇಲಿನದು ನಮ್ಮ ಹಳ್ಳಿಗಳಿಗೆಲ್ಲ ಗೊತ್ತಿರುವ ಗದ್ದಲ. ಯಾರೋ ಬೈಕ್ ಸ್ಟಾರ್ಟ್ ಮಾಡುತ್ತಾರೆ, ಯಾರೋ ಆಟೊಗೆ ಓಡುತ್ತಾರೆ, ಮಗುವನ್ನು ಎದೆಗವಚಿಕೊಂಡ ತಾಯಿ ಹಿಂದೆ ಕೂರುತ್ತಾಳೆ. ಉಸಿರು ಪೂರ್ತಿ ಕಟ್ಟಿದ ಮೇಲೆ ಮಿದುಳಿಗೆ ಪೆಟ್ಟು ಬೀಳಲು ನಾಲ್ಕರಿಂದ ಆರು ನಿಮಿಷ ಸಾಕು. ವಾಹನ ಬಾಗಿಲಲ್ಲೇ ನಿಂತಿದ್ದರೂ ಅಷ್ಟರಲ್ಲಿ ಐ.ಡಿ.ಹಳ್ಳಿಯಿಂದ ಮಧುಗಿರಿ ಸಿಗುವುದಿಲ್ಲ. ಅಲ್ಲಿಂದ ತುಮಕೂರು ಇನ್ನೂ ನಲವತ್ತು ಕಿಲೋಮೀಟರ್ ಮೇಲೆ. ಗಡಿಯಾಚೆ ಮಡಕಶಿರಾ, ಹಿಂದೂಪುರದ ಕಡೆ ಗಾಡಿ ತಿರುಗಿಸಿದರೂ ಲೆಕ್ಕ ಬದಲಾಗುವುದಿಲ್ಲ. ಆಸ್ಪತ್ರೆ ದೂರ ಎಂದು ದೂರುವುದು ನ್ಯಾಯವೇ. ಆದರೆ ಈ ಒಂದು ವಿಷಯದಲ್ಲಿ ಬೆಂಗಳೂರಿನ ನಡುಮಧ್ಯೆ ಇರುವ ಮನೆಗೂ ಆಸ್ಪತ್ರೆ ದೂರವೇ. ಮೊದಲ ನಾಲ್ಕು ನಿಮಿಷ ಮನೆಯಲ್ಲಿದ್ದವರ ಪಾಲಿನದು.

ಹಾಗಾದರೆ ಮನೆಯಲ್ಲಿ ಇರುವವರು ಯಾರು? ಅಪ್ಪ ಬೋರ್‌ವೆಲ್ ಲಾರಿಯಲ್ಲೋ ಬೆಂಗಳೂರಿನಲ್ಲೋ, ಅಮ್ಮ ಕೂಲಿಗೋ ಗಾರ್ಮೆಂಟ್ಸ್‌ಗೋ ಹೋಗಿರುವ ಹಗಲಿನಲ್ಲಿ ಮಗುವಿನ ಜೊತೆ ಇರುವುದು ಅಜ್ಜಿ. ಎಷ್ಟೋ ಸಲ ಏಳೆಂಟು ವರ್ಷದ ಅಕ್ಕ. ತಂದೆತಾಯಿ ಪ್ರಥಮ ಚಿಕಿತ್ಸೆ ಕಲಿಯಬೇಕು ಎಂದು ಎಲ್ಲರೂ ಬರೆಯುತ್ತಾರೆ. ಕಲಿಯಲಿ. ಆದರೆ ಪಾಠ ಮೊದಲು ತಲುಪಬೇಕಾದದ್ದು ಅಜ್ಜಿಗೆ.

ಬೀಜ ಹೋಗುವ ದಾರಿ

ಗಂಟಲಿನಲ್ಲಿ ಎರಡು ದಾರಿಗಳಿವೆ. ಹಿಂದಿನದು ಅನ್ನನಾಳ, ಮುಂದಿನದು ಶ್ವಾಸನಾಳ. ನುಂಗುವಾಗ ಶ್ವಾಸನಾಳದ ಬಾಯಿ ಮುಚ್ಚಿಕೊಳ್ಳುತ್ತದೆ. ಉಸಿರೆಳೆದುಕೊಳ್ಳುವಾಗ, ನಗುವಾಗ, ಅಳುವಾಗ, ಓಡುವಾಗ ಅದು ತೆರೆದಿರುತ್ತದೆ. ಬಾಯಲ್ಲಿ ಬೀಜ ಇಟ್ಟುಕೊಂಡು ನಕ್ಕ ಮಗು ಆ ಬೀಜವನ್ನು ಗಾಳಿಯ ಜೊತೆ ಒಳಗೆಳೆದುಕೊಳ್ಳುತ್ತದೆ.

ದೊಡ್ಡವರಿಗೂ ಹೀಗೆ ಆಗುತ್ತದೆ, ಕೆಮ್ಮಿ ಉಗಿಯುತ್ತಾರೆ. ಕೂಸಿನ ಕೆಮ್ಮಿಗೆ ಅಷ್ಟು ಬಲವಿಲ್ಲ. ಅದರ ಶ್ವಾಸನಾಳವೋ ಎಳನೀರಿನ ಅಂಗಡಿಯ ಸ್ಟ್ರಾದಷ್ಟು ಸಣ್ಣದು. ಕೊಳವೆಯ ಅಗಲ ಅರ್ಧಕ್ಕಿಳಿದರೆ ಗಾಳಿ ಎಳೆಯುವ ಕಷ್ಟ ಎರಡು ಪಟ್ಟಾಗುವುದಿಲ್ಲ, ಹದಿನಾರು ಪಟ್ಟಾಗುತ್ತದೆ. ಇದು ಭೌತಶಾಸ್ತ್ರದ ನಿಯಮ. ಮೇಲಾಗಿ ಅರೆಯುವ ದವಡೆ ಹಲ್ಲುಗಳು ಪೂರ್ತಿ ಬರುವುದು ಎರಡು, ಎರಡೂವರೆ ವರ್ಷದ ಸುಮಾರಿಗೆ. ಅದಕ್ಕೆ ಮೊದಲು ಮುಂದಿನ ಹಲ್ಲಿನಿಂದ ಬೀಜವನ್ನು ಎರಡು ಬೇಳೆಯಾಗಿ ಸೀಳಬಹುದೇ ಹೊರತು ಅರೆಯಲು ಆಗದು.

ಭಾರತದ ಮಕ್ಕಳ ಶ್ವಾಸಕೋಶದಿಂದ ವೈದ್ಯರು ಹೊರತೆಗೆಯುವ ವಸ್ತುಗಳಲ್ಲಿ ಮೊದಲ ಸ್ಥಾನ ಕಡ್ಲೇಬೀಜದ್ದೇ. ಪಾವಗಡ, ಶಿರಾ, ಮಧುಗಿರಿ ಸೀಮೆಯವರಿಗೆ ಇದು ಕಹಿ ಸುದ್ದಿ. ಹೊಟ್ಟೆಗೆ ಹಾಕಿದ ಬೆಳೆಯ ಬಗ್ಗೆ ಹೀಗೆ ಹೇಳಬೇಕಾಗಿದೆ. ನಂತರದ ಸಾಲಿನಲ್ಲಿ ಹುರಿಗಡಲೆ, ಹುಣಸೆಬೀಜ, ಸೀತಾಫಲದ ಬೀಜ, ಕೊಬ್ಬರಿ ಚೂರು.

ಅಮೆರಿಕದ ಫಿಲಡೆಲ್ಫಿಯಾದಲ್ಲಿ ಷೆವಲಿಯರ್ ಜಾಕ್ಸನ್ ಎಂಬ ಗಂಟಲು ವೈದ್ಯನಿದ್ದ (1865–1958). ಜನರ ಗಂಟಲಿನಿಂದ, ಎದೆಯೊಳಗಿಂದ ತೆಗೆದ ವಸ್ತುಗಳನ್ನು ಜೋಡಿಸಿಡುವುದು ಅವನ ಅಭ್ಯಾಸ. ಪಿನ್ನು, ಗುಂಡಿ, ನಾಣ್ಯ, ಮೂಳೆ, ಬೀಜ ಎಲ್ಲ ಸೇರಿ 2,374 ವಸ್ತುಗಳು ಆ ಊರಿನ ಮ್ಯೂಟರ್ ಮ್ಯೂಸಿಯಮ್ಮಿನ ಡ್ರಾಯರ್‌ಗಳಲ್ಲಿ ಇಂದಿಗೂ ಇವೆ. ಅವನಿಗೆ ಹೆಚ್ಚು ಸಿಟ್ಟಿದ್ದದ್ದು ಕಡ್ಲೇಬೀಜದ ಮೇಲೆ. ಪಿನ್ನು ಒಳಗೆ ಸುಮ್ಮನೆ ಬಿದ್ದಿರುತ್ತದೆ. ಕಡ್ಲೇಬೀಜ ತೇವ ಹೀರಿ ಉಬ್ಬುತ್ತದೆ, ಅದರ ಎಣ್ಣೆ ಶ್ವಾಸನಾಳದ ಒಳಪದರವನ್ನು ಕೆರಳಿಸುತ್ತದೆ. ಆ ಉರಿಯೂತಕ್ಕೆ ವೈದ್ಯಶಾಸ್ತ್ರದಲ್ಲಿ ಕಡ್ಲೇಕಾಯಿಯ ಹೆಸರೇ ಅಂಟಿಕೊಂಡಿದೆ.

ಇನ್ನೊಂದು ತೊಂದರೆ ಇದೆ. ಬೀಜ ಶ್ವಾಸನಾಳವನ್ನು ಪೂರ್ತಿ ಮುಚ್ಚದೆ, ಕೆಳಗಿಳಿದು ಒಂದು ಕಡೆಯ ಕವಲಿನಲ್ಲಿ, ಹೆಚ್ಚಾಗಿ ಬಲಗಡೆ, ಕೂತುಬಿಟ್ಟರೆ ಕೆಮ್ಮು ಅಡಗುತ್ತದೆ. ಮಗು ಆಟಕ್ಕೆ ಹೋಗುತ್ತದೆ. ಮೂರು ದಿನಕ್ಕೋ ಮೂರು ವಾರಕ್ಕೋ ಜ್ವರ, ಕಫ, ಒಂದೇ ಪಕ್ಕದಲ್ಲಿ ಕುಯ್ ಎನ್ನುವ ಉಸಿರು. ಎಕ್ಸ್‌ರೇಯಲ್ಲಿ ಬೀಜ ಕಾಣುವುದಿಲ್ಲ. ಅಸ್ತಮಾ ಇರಬೇಕೆಂದು ನೆಬ್ಯುಲೈಸರ್ ಇಡಿಸುತ್ತಾರೆ, ಔಷಧಿ ಬದಲಿಸುತ್ತಾರೆ, ವಾಸಿಯಾಗುವುದಿಲ್ಲ. "ಅವತ್ತು ಕಾಯಿ ಬಿಡಿಸುವಾಗ ಒಂದು ಸಲ ಜೋರಾಗಿ ಕೆಮ್ಮಿತ್ತು" ಎಂಬ ಒಂದೇ ಮಾತು ಇಡೀ ಚಿಕಿತ್ಸೆಯ ದಿಕ್ಕು ಬದಲಿಸುತ್ತದೆ. ಆ ಮಾತು ಗೊತ್ತಿರುವುದು ಅಜ್ಜಿಗೆ. ಆಸ್ಪತ್ರೆಗೆ ಹೋಗುವವರು ಅಪ್ಪ-ಅಮ್ಮ.

ಕೆಮ್ಮಿದರೆ ಬಿಡಿ, ಸುಮ್ಮನಾದರೆ ಎತ್ತಿಕೊಳ್ಳಿ

ಮೊದಲು ತಿಳಿಯಬೇಕಾದದ್ದು ಯಾವಾಗ ಕೈ ಹಾಕಬಾರದು ಎಂಬುದು. ಮಗು ಜೋರಾಗಿ ಕೆಮ್ಮುತ್ತಿದ್ದರೆ, ದನಿ ಬರುವಂತೆ ಅಳುತ್ತಿದ್ದರೆ, ಗಾಳಿ ಓಡಾಡುತ್ತಿದೆ ಎಂದರ್ಥ. ಕೆಮ್ಮಿಗಿಂತ ಒಳ್ಳೆಯ ಮದ್ದು ಆಗ ಬೇರೆ ಇಲ್ಲ. ಹತ್ತಿರ ಇದ್ದು ನೋಡಿಕೊಳ್ಳಿ. ನೀರು ಬೇಡ, ಬಾಳೆಹಣ್ಣು ಬೇಡ, ತಲೆ ಕೆಳಗಾಗಿ ಹಿಡಿದು ಕುಲುಕುವುದಂತೂ ಬೇಡವೇ ಬೇಡ.

ದನಿ ನಿಂತರೆ, ಕೆಮ್ಮು ಸೊರಗಿದರೆ, ತುಟಿ ಬಣ್ಣ ಕೆಟ್ಟರೆ ಆಗ ಒಂದು ಕ್ಷಣವೂ ತಡಮಾಡುವಂತಿಲ್ಲ.

ಒಂದು ವರ್ಷದೊಳಗಿನ ಕೂಸಾದರೆ ಹೀಗೆ. ಕೂತುಕೊಳ್ಳಿ ಅಥವಾ ಒಂದು ಮಂಡಿ ಊರಿ. ಕೂಸನ್ನು ನಿಮ್ಮ ಮುಂಗೈ ಮೇಲೆ ಬೋರಲಾಗಿ ಮಲಗಿಸಿ, ಆ ಕೈಯನ್ನು ತೊಡೆಯ ಮೇಲೆ ಊರಿ. ಕೂಸಿನ ದವಡೆ ನಿಮ್ಮ ಬೆರಳುಗಳ ನಡುವೆ ಭದ್ರವಾಗಿರಲಿ; ಗಂಟಲನ್ನು ಅದುಮಬೇಡಿ. ತಲೆ ಎದೆಗಿಂತ ಕೆಳಗಿರಬೇಕು. ಇನ್ನೊಂದು ಅಂಗೈಯ ಬುಡದಿಂದ, ಅಂದರೆ ಮಣಿಕಟ್ಟಿನ ಹತ್ತಿರದ ದಪ್ಪ ಭಾಗದಿಂದ, ಎರಡು ಹೆಗಲ ಮೂಳೆಗಳ ನಡುವೆ ಐದು ಸಲ ಬಲವಾಗಿ ಹೊಡೆಯಿರಿ. ಜೋಗುಳದ ತಟ್ಟು ಸಾಲದು.

ಬೀಜ ಬೀಳಲಿಲ್ಲವೇ? ಕೂಸಿನ ತಲೆ-ಕತ್ತು ಹಿಡಿದು ಇನ್ನೊಂದು ಮುಂಗೈ ಮೇಲೆ ಅಂಗಾತ ತಿರುಗಿಸಿ. ತಲೆ ಈಗಲೂ ಕೆಳಗೇ. ಎದೆಯ ನಟ್ಟನಡುವೆ, ಎರಡು ಮೊಲೆತೊಟ್ಟುಗಳ ನಡುವಿನ ಗೆರೆಯಿಂದ ತುಸು ಕೆಳಗೆ, ಅಂಗೈ ಬುಡದಿಂದಲೇ ಐದು ಸಲ ಒಳಕ್ಕೆ ಒತ್ತಿ. ಮತ್ತೆ ಬೋರಲು, ಐದು ಪೆಟ್ಟು. ಮತ್ತೆ ಅಂಗಾತ, ಐದು ಒತ್ತು. ವಸ್ತು ಹೊರಬರುವ ತನಕ, ಇಲ್ಲವೇ ಕೂಸು ಎಚ್ಚರ ತಪ್ಪುವ ತನಕ. ಹಳೆಯ ತರಬೇತಿ ಪಡೆದವರು ಎದೆಯನ್ನು ಎರಡು ಬೆರಳಿನಿಂದ ಒತ್ತಲು ಕಲಿತಿರುತ್ತಾರೆ. 2025ರ ಅಕ್ಟೋಬರ್‌ನಲ್ಲಿ ಬಂದ ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಹೊಸ ಸೂಚನೆಗಳು ಎರಡು ಬೆರಳನ್ನು ಕೈಬಿಟ್ಟು ಅಂಗೈ ಬುಡವನ್ನು ಹೇಳುತ್ತಿವೆ. ಬೆರಳಿಗೆ ಬೇಕಾದಷ್ಟು ಆಳ ಸಿಗುವುದಿಲ್ಲ.

ಕೂಸಿನ ಹೊಟ್ಟೆಯನ್ನು ಮಾತ್ರ ಒತ್ತಬಾರದು. ಆ ವಯಸ್ಸಿನಲ್ಲಿ ಯಕೃತ್ತು ದೊಡ್ಡದು, ಅದಕ್ಕೆ ಪಕ್ಕೆಲುಬಿನ ಆಸರೆ ಕಡಿಮೆ. ಒತ್ತಿದರೆ ಒಳಗೇ ಹರಿಯಬಹುದು.

ವರ್ಷ ದಾಟಿದ ಮಗುವಿಗೆ ಕ್ರಮ ಬೇರೆ. ಮಗುವನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಐದು ಪೆಟ್ಟು. ಆಮೇಲೆ ಹಿಂದೆ ಮಂಡಿಯೂರಿ, ಮಗುವಿನ ಹೊಕ್ಕುಳಿನ ತುಸು ಮೇಲೆ ಮುಷ್ಟಿ ಇಟ್ಟು, ಇನ್ನೊಂದು ಕೈಯಿಂದ ಅದನ್ನು ಹಿಡಿದು, ಒಳಕ್ಕೂ ಮೇಲಕ್ಕೂ ಐದು ಸಲ ಸೆಳೆಯುವುದು.

ಅಜ್ಜಿ ಅರ್ಧ ಸರಿ

ಈ ಹೊಟ್ಟೆ ಸೆಳೆಯುವ ವಿಧಾನವನ್ನು 1974ರಲ್ಲಿ ಪ್ರಚಾರಕ್ಕೆ ತಂದವರು ಹೆನ್ರಿ ಹೈಮ್ಲಿಕ್ ಎಂಬ ಅಮೆರಿಕನ್ ಸರ್ಜನ್. ಬೆನ್ನಿಗೆ ಹೊಡೆಯುವುದನ್ನು ಅವರು ಕಟುವಾಗಿ ವಿರೋಧಿಸಿದರು. ಅವರ ಮಾತಿಗೆ ಮಣಿದು ಅಮೆರಿಕದ ಪುಸ್ತಕಗಳಿಂದ ದೊಡ್ಡವರ ಬೆನ್ನಿನ ಪೆಟ್ಟು ವರ್ಷಗಟ್ಟಲೆ ಮಾಯವಾಗಿತ್ತು. ಈಗ ಅದು ಮರಳಿ ಬಂದಿದೆ. 2025ರ ಸೂಚನೆಗಳಲ್ಲಿ ದೊಡ್ಡವರಿಗೂ ಮೊದಲು ಬೆನ್ನು, ಆಮೇಲೆ ಹೊಟ್ಟೆ.

ಅಂದರೆ ಮಗು ಉಸಿರು ಕಟ್ಟಿದಾಗ ಬೆನ್ನ ಮೇಲೆ ಹೋಗುವ ಅಜ್ಜಿಯ ಕೈ ಸರಿಯಾದ ಜಾಗಕ್ಕೇ ಹೋಗುತ್ತದೆ. ತಪ್ಪುವುದು ಭಂಗಿಯಲ್ಲಿ. ಮಗುವನ್ನು ನೆಟ್ಟಗೆ ಕೂರಿಸಿಕೊಂಡು ಬಡಿದರೆ ಬೀಜ ಇನ್ನಷ್ಟು ಕೆಳಗಿಳಿಯಬಹುದು. ತಲೆ ತಗ್ಗಿಸಿ ಹೊಡೆದರೆ ಭೂಮಿಯ ಸೆಳೆತವೂ ನಮ್ಮ ಕಡೆ ಇರುತ್ತದೆ.

ನೆತ್ತಿ ತಟ್ಟುವುದರಿಂದ ಕೆಡುಕಿಲ್ಲ, ಹೊತ್ತು ಹೋಗುತ್ತದೆ ಅಷ್ಟೆ. ಬಾಯಿಗೆ ಬೆರಳು ಹಾಕುವುದು ಹಾಗಲ್ಲ. ಸೊಪ್ಪು ಮಣ್ಣು ತಿಂದ ಮಗುವಿನ ಬಾಯಿ ಶುದ್ಧ ಮಾಡಿ ರೂಢಿಯಾದ ಬೆರಳು, ಉಸಿರು ಕಟ್ಟಿದಾಗಲೂ ಅದೇ ಅಭ್ಯಾಸದಲ್ಲಿ ಒಳಗೆ ಹೋಗುತ್ತದೆ, ಕಾಣದ ಬೀಜವನ್ನು ಆಳಕ್ಕೆ ತಳ್ಳುತ್ತದೆ. ಕಣ್ಣಿಗೆ ಕಂಡರೆ ಮಾತ್ರ ತೆಗೆಯಬೇಕು, ಅದೂ ಕೊಂಡಿ ಮಾಡಿದ ಒಂದು ಬೆರಳಿನಿಂದ ಪಕ್ಕದಿಂದ. ಬಿಡಲು ಅತಿ ಕಷ್ಟವಾದ ಅಭ್ಯಾಸ ಇದೇ ಎಂದು ನನ್ನ ಅನಿಸಿಕೆ. ಏಕೆಂದರೆ ಉಳಿದ ದಿನಗಳಲ್ಲೆಲ್ಲ ಅದು ಫಲ ಕೊಟ್ಟಿರುತ್ತದೆ.

ಉಸಿರು ನಿಂತರೆ

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಕರ್ನಾಟಕದ ಮನೆಮನೆಯಲ್ಲೂ ಹೃದಯದ ಮಾತು ಬಂತು. ಜಯದೇವ ಆಸ್ಪತ್ರೆಯ ಮುಂದೆ ಸಾಲುಗಳು ಬೆಳೆದವು, ಅವರ ಹೆಸರಿನಲ್ಲೇ ಸರ್ಕಾರದ ಹೃದಯ ಜ್ಯೋತಿ ಯೋಜನೆ ಬಂತು. ಸಿಪಿಆರ್ ಎಂಬ ಪದ ಹಳ್ಳಿಯ ಕಿವಿಗೂ ಬಿತ್ತು. ಎರಡು ಕೈ ಜೋಡಿಸಿ ಎದೆ ಒತ್ತುವ ವಿಡಿಯೊಗಳು ಫೋನಿನಿಂದ ಫೋನಿಗೆ ಹಾರಿದವು.

ಆ ವಿಡಿಯೊಗಳೆಲ್ಲ ದೊಡ್ಡವರದು. ದೊಡ್ಡವರಲ್ಲಿ ಸಾಮಾನ್ಯವಾಗಿ ಹೃದಯ ಮೊದಲು ನಿಲ್ಲುತ್ತದೆ. ರಕ್ತದಲ್ಲಿ ಆಗಿನ್ನೂ ಆಮ್ಲಜನಕ ಉಳಿದಿರುತ್ತದೆ. ಹಾಗಾಗಿ ಸಾಮಾನ್ಯರು ಬರೀ ಎದೆ ಒತ್ತಿದರೂ ಸಾಕೆಂದು ಹೇಳಿಕೊಡುತ್ತಾರೆ. ಮಕ್ಕಳಲ್ಲಿ ಉಲ್ಟಾ. ಬೀಜ ಸಿಕ್ಕಿ, ನೀರಿಗೆ ಬಿದ್ದು, ನ್ಯುಮೋನಿಯಾ ಹೆಚ್ಚಾಗಿ ಮೊದಲು ನಿಲ್ಲುವುದು ಉಸಿರು. ಗಾಳಿ ಇಲ್ಲದೆ ಸೊರಗಿ ಸೊರಗಿ ಕೊನೆಗೆ ಹೃದಯ ನಿಲ್ಲುತ್ತದೆ. ಅಷ್ಟು ಹೊತ್ತಿಗೆ ರಕ್ತದಲ್ಲಿ ಆಮ್ಲಜನಕ ಬರಿದಾಗಿರುತ್ತದೆ. ಬರಿದಾದ ರಕ್ತವನ್ನು ಎದೆ ಒತ್ತಿ ಎಷ್ಟು ಓಡಿಸಿದರೂ ಮಿದುಳಿಗೆ ಸಿಗುವುದು ಏನೂ ಇಲ್ಲ. ಮಗುವಿನ ಸಿಪಿಆರ್‌ನಲ್ಲಿ ಬಾಯಿಯಿಂದ ಉಸಿರು ಕೊಡುವುದು ಇದಕ್ಕೇ ಮುಖ್ಯ.

ಕೂಸು ಎಚ್ಚರ ತಪ್ಪಿದರೆ ಅಂಗಾಲಿಗೆ ತಟ್ಟಿ ಹೆಸರು ಕೂಗಿ. ಅಕ್ಕಪಕ್ಕದವರನ್ನು ಕರೆದು, ಒಬ್ಬರಿಗೆ 108 ಒತ್ತಲು ಹೇಳಿ. ಎದೆ ಏರಿಳಿಯುತ್ತಿದೆಯೇ ನೋಡಿ, ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ. ಆಗೊಮ್ಮೆ ಈಗೊಮ್ಮೆ ಬಾಯಿ ಕಳೆದು ಎಳೆಯುವುದು ಉಸಿರಾಟವಲ್ಲ. ಕೂಸನ್ನು ಜೋಲಿಯಿಂದ, ಹಾಸಿಗೆಯಿಂದ ಇಳಿಸಿ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಮೆತ್ತೆಯ ಮೇಲೆ ಒತ್ತಿದರೆ ಮೆತ್ತೆ ತಗ್ಗುತ್ತದೆ, ಎದೆ ತಗ್ಗುವುದಿಲ್ಲ.

ಎದೆಯ ನಡುವೆ, ಮೊದಲು ಹೇಳಿದ ಜಾಗದಲ್ಲೇ, ಒಂದು ಕೈಯ ಅಂಗೈ ಬುಡ ಇಟ್ಟು ಮೂವತ್ತು ಸಲ ಒತ್ತಿ. ಎದೆಯ ದಪ್ಪದ ಮೂರನೇ ಒಂದು ಭಾಗ ಒಳಗಿಳಿಯಬೇಕು; ಕೂಸಿಗೆ ಅದು ಸುಮಾರು 4 ಸೆಂಟಿಮೀಟರ್, ದೊಡ್ಡ ಮಗುವಿಗೆ 5. ಕೂಸನ್ನು ಎರಡೂ ಕೈಯಿಂದ ಬಳಸಿ ಹಿಡಿದು ಎರಡು ಹೆಬ್ಬೆರಳುಗಳಿಂದ ಒತ್ತುವುದೂ ಸರಿಯೇ. ವೇಗ ನಿಮಿಷಕ್ಕೆ 100ರಿಂದ 120. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಲು ಬಿಡಿ.

ಆಮೇಲೆ ಎರಡು ಉಸಿರು. ಕೂಸಿನ ಮುಖ ನೇರ ಆಕಾಶ ನೋಡುವಂತಿರಲಿ. ದೊಡ್ಡವರಿಗೆ ಮಾಡುವಂತೆ ತಲೆಯನ್ನು ಹಿಂದಕ್ಕೆ ಬಾಗಿಸಿದರೆ ಕೂಸಿನ ಮೆತ್ತನೆಯ ಶ್ವಾಸನಾಳವೇ ಮಡಚಿಕೊಳ್ಳುತ್ತದೆ. ನಿಮ್ಮ ಬಾಯಿ ಅದರ ಬಾಯಿ-ಮೂಗು ಎರಡನ್ನೂ ಮುಚ್ಚಬೇಕು. ಕೊಡಬೇಕಾದದ್ದು ಕೆನ್ನೆಯಲ್ಲಿ ಹಿಡಿಯುವಷ್ಟೇ ಗಾಳಿ. ಎದೆ ಮೆಲ್ಲಗೆ ಏಳುವುದು ಕಂಡರೆ ಸಾಕು. ಜೋರಾಗಿ ಊದಿದರೆ ಗಾಳಿ ಹೊಟ್ಟೆಗೆ ಹೋಗಿ ವಾಂತಿಯಾಗುತ್ತದೆ. ಮೂವತ್ತು ಒತ್ತು, ಎರಡು ಉಸಿರು. ಬೀಜ ಸಿಕ್ಕಿ ಎಚ್ಚರ ತಪ್ಪಿದ ಮಗುವಾದರೆ ಪ್ರತಿ ಸಲ ಉಸಿರು ಕೊಡುವ ಮುನ್ನ ಬಾಯಿ ತೆರೆದು ನೋಡಿ. ಎದೆ ಒತ್ತಿದ ರಭಸಕ್ಕೆ ಬೀಜ ಮೇಲೆ ಬಂದಿರಬಹುದು.

ನೀವೊಬ್ಬರೇ ಇದ್ದು ಫೋನು ಕೈಯಲ್ಲಿದ್ದರೆ 108 ಒತ್ತಿ, ಸ್ಪೀಕರ್ ಹಾಕಿ ಪಕ್ಕದಲ್ಲಿಡಿ. ಫೋನಿಲ್ಲವೆಂದರೆ ಎರಡು ನಿಮಿಷ ಇದನ್ನು ಮಾಡಿ, ಆಮೇಲೆ ಕೂಸನ್ನು ಎತ್ತಿಕೊಂಡೇ ಸಹಾಯಕ್ಕೆ ಓಡಿ.

ಪಕ್ಕೆಲುಬು ಮುರಿದೀತೇ ಎಂಬ ಭಯ ಎಲ್ಲರಿಗೂ ಇದೆ. ಮಕ್ಕಳ ಮೂಳೆ ಬಾಗುವ ಮೂಳೆ, ಮುರಿಯುವುದು ಅಪರೂಪ. ಮುರಿದರೂ ಕೂಡಿಕೊಳ್ಳುತ್ತದೆ. ಆದರೆ ಚೆನ್ನಾಗಿರುವ ಮಗುವಿನ ಮೇಲೆ ಎಂದಿಗೂ ಅಭ್ಯಾಸ ಮಾಡಬಾರದು. ಅದಕ್ಕೆ ಗೊಂಬೆ ಇದೆ. ಲೋಕದ ತರಬೇತಿಗಳಲ್ಲೆಲ್ಲ ಕಾಣುವ ಪ್ಲಾಸ್ಟಿಕ್ ಗೊಂಬೆಯನ್ನು 1960ರಲ್ಲಿ ಮಾಡಿದವರು ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್. ಅವರ ಮಗನೇ ಎರಡು ವರ್ಷದವನಿದ್ದಾಗ ನೀರಿನಲ್ಲಿ ಮುಳುಗಿ ಅವರ ಕೈಯಿಂದಲೇ ಬದುಕಿದ್ದ. ನಮ್ಮಲ್ಲಿ ಆ ಗೊಂಬೆ ಇಲ್ಲವೆಂದರೆ ಹಳೇ ಸೀರೆ ಸುತ್ತಿ ಮಾಡಿದ್ದರಲ್ಲೂ ಮಗುಚುವುದು, ಹಿಡಿಯುವುದು, ಎಣಿಸುವುದು ಕೈಗೆ ಕೂರುತ್ತದೆ.

ಉಪ್ಪಿನ ರಾಶಿ

ಬಯಲುಸೀಮೆಯಲ್ಲಿ ನೀರಿನ ಸಾವು ಇಲ್ಲ ಎಂದುಕೊಳ್ಳಬೇಡಿ. ನೀರು ಕಡಿಮೆ ಇರುವಲ್ಲೇ ನೀರನ್ನು ಹಿಡಿದಿಡುತ್ತಾರೆ: ಸಂಪು, ತೊಟ್ಟಿ, ಡ್ರಮ್ಮು, ಹೊಲದ ಕೃಷಿ ಹೊಂಡ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿ ಜಾರುತ್ತದೆ, ಬಿದ್ದ ಮಗುವಿಗೆ ಹಿಡಿದು ಹತ್ತಲು ಏನೂ ಇರುವುದಿಲ್ಲ. ಅಂಬೆಗಾಲಿನ ಕೂಸಿಗೆ ಅರ್ಧ ಬಕೆಟ್ ನೀರೂ ಸಾಕು.

ಮುಳುಗಿದವರನ್ನು ಉಪ್ಪಿನಲ್ಲಿ ಹೂತರೆ ಜೀವ ಬರುತ್ತದೆ ಎಂಬ ಸುಳ್ಳು ವಾಟ್ಸ್ಆ್ಯಪಿನಲ್ಲಿ ವರ್ಷಗಳಿಂದ ತಿರುಗುತ್ತಿದೆ. 2022ರಲ್ಲಿ ಬಳ್ಳಾರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ, 2023ರ ಕೊನೆಗೆ ಹಾವೇರಿ ಜಿಲ್ಲೆಯಲ್ಲಿ, ನೀರಿನಿಂದ ತೆಗೆದ ಬಾಲಕರನ್ನು ಹೆತ್ತವರು ಉಪ್ಪಿನ ರಾಶಿಯಲ್ಲಿ ಮಲಗಿಸಿ ಗಂಟೆಗಟ್ಟಲೆ ಕಾದರು. ಟಿವಿಯಲ್ಲಿ ಅದನ್ನು ಮೂಢನಂಬಿಕೆ ಎಂದು ತೋರಿಸಿದರು. ನನಗೆ ಹಾಗನ್ನಿಸಲಿಲ್ಲ. ಮಗುವಿಗಾಗಿ ಏನಾದರೂ ಮಾಡಬೇಕು ಎಂದು ಕೈ ತವಕಿಸುವಾಗ ಗೊತ್ತಿದ್ದ ಒಂದೇ ಉಪಾಯ ಅದಾಗಿತ್ತು. ಅಷ್ಟು ಉಪ್ಪು ಹೊಂದಿಸಿ ತಂದ ಜನ, ಹೇಳಿಕೊಟ್ಟಿದ್ದರೆ ಉಸಿರು ಕೊಡುವುದನ್ನೂ ಮಾಡುತ್ತಿದ್ದರು.

ನೀರಿನಿಂದ ಎತ್ತಿದ ಮಗು ಉಸಿರಾಡದಿದ್ದರೆ ಮೊದಲು ಎರಡು ಉಸಿರು ಕೊಟ್ಟು ಆಮೇಲೆ ಎದೆ ಒತ್ತಲು ಶುರು ಮಾಡಿ. ಹೊಟ್ಟೆ ಅದುಮಿ ನೀರು ಕಕ್ಕಿಸುವುದು, ಕಾಲು ಹಿಡಿದು ಗರಗರ ತಿರುಗಿಸುವುದು ಬೇಡ. ನುಂಗಿದ ನೀರು ಹೊಟ್ಟೆಯಲ್ಲಿದ್ದರೆ ಇರಲಿ, ಅದರಿಂದ ಸಾವಿಲ್ಲ.

ಒಳಲೆ, ಹರಳೆಣ್ಣೆ, ಎಳಚಿ ಹಣ್ಣು

ಕೂಸಿಗೆ ಉಸಿರು ಕಟ್ಟಿಸುವುದು ಬೀಜ ಮಾತ್ರವಲ್ಲ. ಕಾಲ ಮೇಲೆ ಅಂಗಾತ ಮಲಗಿಸಿ, ಅಳುತ್ತಿರುವಾಗಲೇ ಒಳಲೆಯಿಂದ ಹಾಲು ಹುಯ್ಯುವ ಪದ್ಧತಿ ಇನ್ನೂ ಇದೆ. ಮೂಗು ಹಿಡಿದು ಹರಳೆಣ್ಣೆ ಕುಡಿಸುವುದು, ಸ್ನಾನದ ಮುಂಚೆ ಮೂಗಿಗೆ ಎಣ್ಣೆ ಬಿಡುವುದು ಕೂಡ. ಶ್ವಾಸಕೋಶಕ್ಕಿಳಿದ ಎಣ್ಣೆ ಅಷ್ಟು ಸುಲಭಕ್ಕೆ ಹೊರಬರುವುದಿಲ್ಲ, ಹಟಮಾರಿ ನ್ಯುಮೋನಿಯಾ ತರುತ್ತದೆ. ದಕ್ಷಿಣ ಭಾರತದ ಮಕ್ಕಳ ವೈದ್ಯರಿಗೆ ಇದು ಹಳೆಯ ಪರಿಚಯ. ಒಳಲೆಯೇ ಬೇಕೆಂದರೆ ತಲೆ ಎತ್ತರಿಸಿ, ಅಳು ನಿಂತ ಮೇಲೆ, ಕೂಸು ನುಂಗಿದಷ್ಟೇ ಹಾಕಬೇಕು.

ಸಂಕ್ರಾಂತಿಯ ದಿನ ಐದು ವರ್ಷದೊಳಗಿನ ಮಕ್ಕಳನ್ನು ಮಣೆಯ ಮೇಲೆ ಕೂರಿಸಿ ಎಳಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ತಲೆ ಮೇಲಿಂದ ಸುರಿದು ದೃಷ್ಟಿ ತೆಗೆಯುತ್ತಾರೆ. ಸಂಭ್ರಮದ ಆಚರಣೆ, ನಿಲ್ಲಿಸಬೇಕಿಲ್ಲ. ಆಮೇಲೆ ಹೆಕ್ಕಿಕೊಳ್ಳುವಾಗ ಚಿಕ್ಕ ಕೂಸಿನ ಮುಷ್ಟಿಯಲ್ಲಿ ಉಳಿಯುವ ಎಳಚಿ ಬೀಜ, ಕಾಸುಗಳ ಮೇಲೆ ಕಣ್ಣಿರಲಿ. ಆಟಿಕೆಗಳ ತುಂಡು ಕೂಸಿನ ಗಂಟಲಿಗೆ ಅಪಾಯವೇ ಎಂದು ಅಳೆಯುವ ಕೊಳವೆಯ ಬಾಯಿ 31.7 ಮಿಲಿಮೀಟರ್. ನಮ್ಮ ಹತ್ತು ರೂಪಾಯಿ ನಾಣ್ಯ 27 ಮಿಲಿಮೀಟರ್. ಅಂದರೆ ಅದಕ್ಕಿಂತ ಸ್ವಲ್ಪ ದೊಡ್ಡದೂ ಅಪಾಯವೇ. ರಿಮೋಟಿನ ಗುಂಡಿಯಂಥ ಬ್ಯಾಟರಿ ನುಂಗಿದ್ದರೆ ಮಗು ನಗುತ್ತಿದ್ದರೂ ತಕ್ಷಣ ಆಸ್ಪತ್ರೆಗೆ ಹೊರಡಿ. ಎರಡು ಗಂಟೆಯೊಳಗೆ ಅನ್ನನಾಳ ಸುಡಲು ಶುರುವಾಗುತ್ತದೆ.

ದೊಡ್ಡ ಮಕ್ಕಳೂ ಹೊರತಲ್ಲ. 2022ರ ಜುಲೈನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲಾ ವಾಹನ ಹತ್ತುವ ಗಡಿಬಿಡಿಯಲ್ಲಿ ಬಾಯಿಗೆ ಹಾಕಿಕೊಂಡ ಚಾಕೊಲೇಟು ಆರು ವರ್ಷದ ಬಾಲಕಿಯ ಜೀವ ತೆಗೆಯಿತು. 2024ರ ಡಿಸೆಂಬರಿನಲ್ಲಿ ಹಳಿಯಾಳ ತಾಲ್ಲೂಕಿನ ಹದಿಮೂರರ ಹುಡುಗನೊಬ್ಬ ಊದುತ್ತಿದ್ದ ಬಲೂನು ಗಂಟಲಿಗೆ ಸಿಕ್ಕಿ ತೀರಿಕೊಂಡ.

ಕಡ್ಲೇಕಾಯಿಯನ್ನೇ ದೂರ ಇಡಬೇಕು ಎಂದಲ್ಲ. ಹುರಿದು ನುಣ್ಣಗೆ ಪುಡಿ ಮಾಡಿ ರಾಗಿ ಸರಿಗೆ ಬೆರೆಸಿದರೆ ಅದಕ್ಕಿಂತ ಒಳ್ಳೆಯ ಆಹಾರ ಈ ಸೀಮೆಯಲ್ಲಿ ಇನ್ನೊಂದಿಲ್ಲ. ಇಡೀ ಬೀಜ, ಚಿಕ್ಕಿ, ಹುರಿಗಡಲೆಗೆ ನಾಲ್ಕೈದು ವರ್ಷ ತುಂಬಲಿ.

ಗುರುವಾರದ ಅಂಗನವಾಡಿ

ಇದನ್ನು ಕಲಿಸುವವರು ಯಾರು? ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ರೆಡ್ ಕ್ರಾಸ್, ಸೇಂಟ್ ಜಾನ್ ಆಂಬುಲೆನ್ಸ್ ತರಬೇತಿ ಕೊಡುತ್ತವೆ. 2023ರ ಡಿಸೆಂಬರ್ 6ರಂದು ಕೇಂದ್ರ ಆರೋಗ್ಯ ಇಲಾಖೆ ದೇಶದಾದ್ಯಂತ ಒಂದೇ ದಿನ ಸಿಪಿಆರ್ ಪಾಠ ನಡೆಸಿತು. ಇವೆಲ್ಲ ಕಾಲೇಜು, ಕಚೇರಿ, ಜಿಲ್ಲಾ ಕೇಂದ್ರಗಳ ಮಾತು. ಐ.ಡಿ.ಹಳ್ಳಿಯ ಅಜ್ಜಿ ತರಬೇತಿಗೆಂದು ತುಮಕೂರಿಗೆ ಬಸ್ಸು ಹತ್ತುವುದಿಲ್ಲ.

ಆದರೆ ಆಕೆ ಮೊಮ್ಮಗುವನ್ನು ಎತ್ತಿಕೊಂಡು ಗುರುವಾರ ಚುಚ್ಚುಮದ್ದಿಗೆಂದು ಅಂಗನವಾಡಿಗೆ ಬರುತ್ತಾಳೆ. ಹೆರಿಗೆಯಾದ ಮೊದಲ ಆರು ವಾರದಲ್ಲಿ ಆಶಾ ಕಾರ್ಯಕರ್ತೆ ಕನಿಷ್ಠ ಆರು ಸಲ ಮನೆಗೇ ಬರುತ್ತಾರೆ. 2018ರಲ್ಲಿ ಶುರುವಾದ ಕಾರ್ಯಕ್ರಮದಂತೆ ಮೂರು, ಆರು, ಒಂಬತ್ತು, ಹನ್ನೆರಡು, ಹದಿನೈದನೆಯ ತಿಂಗಳಲ್ಲಿ ಮತ್ತೆ ಬರಬೇಕು. ಆರನೆಯ ತಿಂಗಳೆಂದರೆ ಮೇಲಾಹಾರ ಶುರುವಾಗುವ ಹೊತ್ತು. ಒಂಬತ್ತನೆಯದು ಅಂಬೆಗಾಲಿನ ಹೊತ್ತು. ಉಸಿರು ಕಟ್ಟುವ ಅಪಾಯ ಬಾಗಿಲಿಗೆ ಬರುವ ತಿಂಗಳಿಗೆ ಸರಿಯಾಗಿ ಸರ್ಕಾರದ ಪ್ರತಿನಿಧಿಯೊಬ್ಬಳು ಮನೆಯಲ್ಲಿ ಕೂತಿರುತ್ತಾಳೆ. ತೂಕ ನೋಡುತ್ತಾಳೆ, ಕಬ್ಬಿಣಾಂಶದ ಸಿರಪ್ ಕೊಡುತ್ತಾಳೆ, ರಿಜಿಸ್ಟರ್ ತುಂಬುತ್ತಾಳೆ. ಆಕೆಯ ಚೀಲದಲ್ಲಿ ಒಂದು ಗೊಂಬೆ ಸೇರಿಸಿ, ಹತ್ತು ನಿಮಿಷ ಹೆಚ್ಚು ಕೂರಿಸಿದರೆ ಆಯಿತು. ಈಗಾಗಲೇ ಹೊರಲಾರದಷ್ಟು ಹೊತ್ತಿರುವ ಆಶಾಗಳಿಗೆ ಇನ್ನೊಂದು ಕೆಲಸ ಹೇಳುವಾಗ ಅದಕ್ಕೆ ತಕ್ಕ ಗೌರವಧನವನ್ನೂ ಹೇಳಬೇಕು; ಪುಕ್ಕಟೆ ಪಾಠ ಬಹಳ ದಿನ ನಡೆಯುವುದಿಲ್ಲ.

ಅಂಗನವಾಡಿಯವರು ಹಿಂಜರಿಯುವುದು ಇನ್ನೊಂದು ಕಾರಣಕ್ಕೆ. "ನಾನು ಕೈ ಹಾಕಿ ಮಗುವಿಗೆ ಏನಾದರೂ ಆದರೆ ಊರವರು ನನ್ನ ಮೇಲೆ ಬೀಳುತ್ತಾರೆ" ಎಂಬ ಅಂಜಿಕೆ. ತುರ್ತಿನಲ್ಲಿ ನೆರವಾದವರಿಗೆ ರಕ್ಷಣೆ ಕೊಡುವ ಕಾಯ್ದೆಯನ್ನು ಕರ್ನಾಟಕ 2016ರಲ್ಲೇ ಮಾಡಿದೆ, 2018ರಲ್ಲಿ ರಾಷ್ಟ್ರಪತಿಗಳ ಅಂಕಿತವೂ ಸಿಕ್ಕಿದೆ. ಆದರೆ ಊರವರ ಬಾಯಿಗೆ ಕಾಯ್ದೆ ಇಲ್ಲ. ತಾಯಂದಿರು, ಅಜ್ಜಿಯರು, ಟೀಚರು ಒಂದೇ ಗೊಂಬೆಯ ಮೇಲೆ ಒಟ್ಟಿಗೆ ಕಲಿತರೆ ಆ ಅಂಜಿಕೆ ತಾನಾಗಿ ಕಡಿಮೆಯಾಗುತ್ತದೆ: ಅವಳು ಹೊಡೆದದ್ದು ಸರಿ ಎಂದು ಹೇಳಲು ನಾಲ್ಕು ಜನ ಇರುತ್ತಾರೆ.

108ಕ್ಕೆ ಏನು ಹೇಳಬೇಕು

ಆರೋಗ್ಯ ಕವಚ 108 ಕರ್ನಾಟಕದಲ್ಲಿ ಶುರುವಾದದ್ದು 2008ರ ನವೆಂಬರ್ 1ರಂದು. ಅದಕ್ಕೂ ಮೊದಲೇ, 2005ರಲ್ಲಿ, ಆಂಧ್ರದಲ್ಲಿ ಇದೇ ನಂಬರು ಬಂದಿತ್ತು. ಗಡಿಯ ಹಳ್ಳಿಗಳಲ್ಲಿ ಫೋನು ಆಚೆಯ ಟವರ್ ಹಿಡಿದಿದ್ದರೆ ಕರೆ ಅಲ್ಲಿಗೆ ಹೋಗುವ ಸಾಧ್ಯತೆ ಇರುತ್ತದೆ. ತೆಲುಗಿನಲ್ಲಿ ಉತ್ತರ ಬಂದರೆ ಗಾಬರಿಯಾಗಿ ಕಟ್ ಮಾಡಬೇಡಿ. ಈ ಸೀಮೆಯವರಿಗೆ ತೆಲುಗೇನೂ ಹೊಸದಲ್ಲ. ಊರು, ಹೋಬಳಿ, ಮಧುಗಿರಿ ತಾಲ್ಲೂಕು, ಕರ್ನಾಟಕ ಎಂದು ಅದೇ ಕ್ರಮದಲ್ಲಿ ಹೇಳಿ. ಮಗುವಿನ ವಯಸ್ಸು, ಉಸಿರಾಡುತ್ತಿದೆಯೋ ಇಲ್ಲವೋ, ಏನು ಸಿಕ್ಕಿಕೊಂಡಿದೆ ಎಂಬುದು ಆಮೇಲೆ. ಗುರುತಿಗೆ ಶಾಲೆ ಅಥವಾ ಗುಡಿ ಹೇಳಿ, ಒಬ್ಬರನ್ನು ರಸ್ತೆಗೆ ಕಳಿಸಿ.

ಅಷ್ಟರಲ್ಲಿ ಬೀಜ ಹೊರಬಿದ್ದು ಮಗು ಅಳತೊಡಗಿದರೂ ಬರುತ್ತಿರುವ ಗಾಡಿಯನ್ನು ವಾಪಸ್ ಕಳಿಸಬೇಡಿ. ಒಂದು ಚೂರು ಒಳಗೇ ಉಳಿದಿರಬಹುದು. ಒತ್ತಿದ್ದರಿಂದ ಒಳಪೆಟ್ಟು ಆಗಿದೆಯೇ ಎಂದೂ ನೋಡಬೇಕು. ಎರಡೂ ಕಡೆಯ ಎದೆಗೆ ಗಾಳಿ ಸಮನಾಗಿ ಹೋಗುತ್ತಿದೆಯೇ ಎಂದು ಡಾಕ್ಟರಿಂದ ಪರೀಕ್ಷೆ ಮಾಡಿಸಿ. ಅನುಮಾನ ಬಂದರೆ ಶ್ವಾಸನಾಳಕ್ಕೆ ಕೊಳವೆ ಇಳಿಸಿ ನೋಡುವ ಬ್ರಾಂಕೋಸ್ಕೋಪಿಗೆ ದೊಡ್ಡ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಕಂಡದ್ದನ್ನು ಹೇಳಲು ಅಜ್ಜಿಯನ್ನೂ ಗಾಡಿಯಲ್ಲಿ ಕೂರಿಸಿಕೊಳ್ಳಿ. ಹೊರಬಿದ್ದದ್ದನ್ನು ಬಿಸಾಡದೆ ಕಾಗದದಲ್ಲಿ ಕಟ್ಟಿಕೊಂಡು ಹೋಗಿ: ಅದು ಇಡೀ ಬೀಜವೋ, ಬರೀ ಒಂದು ಬೇಳೆಯೋ ಎಂಬುದು ಅವರಿಗೆ ಗೊತ್ತಾಗಬೇಕು.